ತಿನ್ನುವ ಶಿಲ್ಪ

ಶಿಲ್ಪವೆಂದರೆ ನಮಗೆ ಕಲ್ಲು. ಬಹಳವಾದರೆ ಕಂಚು, ಮರ, ದಂತ, ಸುಟ್ಟ ಮಣ್ಣು. ಬಾಳಿಕೆಯೇ ಕಲೆಯ ಮೊದಲ ಯೋಗ್ಯತೆಯೆಂದು ಯಾವ ಲಕ್ಷಣಕಾರನೂ ನಮಗೆ ಹೇಳಿಕೊಡಬೇಕಾಗಿಲ್ಲ. ನಮ್ಮ ಕಣ್ಣೇ ಹಾಗೆ ಪಳಗಿಬಿಟ್ಟಿದೆ. ಬೇಲೂರಿಗೆ ಹೋದವರು ಕತ್ತೆತ್ತಿ ನಿಲ್ಲುತ್ತಾರೆ. ಅದೇ ಜನ ಸಂಕ್ರಾಂತಿಯ ಸಂಜೆ ಎಳ್ಳಿನ ಪೊಟ್ಟಣದ ಜೊತೆ ಕೈಗೆ ಬಂದ ಸಕ್ಕರೆಯ ಗಿಳಿಯನ್ನು ಡಬ್ಬಿಯೊಳಗೆ ಹಾಕಿ ಮುಚ್ಚಳ ಮುಚ್ಚುತ್ತಾರೆ. ಆ ಗಿಳಿಯನ್ನು ಯಾರೋ ಮಾಡಿದರು, ಅದರಲ್ಲಿ ರೂಪವೆಂಬುದೊಂದಿದೆ, ಆ ರೂಪ ಒಳ್ಳೆಯದೋ ಕೆಟ್ಟದ್ದೋ ಎಂದು ಕೇಳಬಹುದು ಎಂಬುದು ಅವರಿಗೆ ಹೊಳೆಯುವುದಿಲ್ಲ. ಕಲಾವಿಮರ್ಶೆಯ ಪುಸ್ತಕಗಳನ್ನು ನಾನು ಕೈಲಾದಷ್ಟು ಓದಿದ್ದೇನೆ. ಸಕ್ಕರೆ ಅಚ್ಚಿನ ಬಗ್ಗೆ ಒಂದು ಪುಟದ ಚರ್ಚೆಯೂ ನನ್ನ ಕಣ್ಣಿಗೆ ಬಿದ್ದಿಲ್ಲ. ಕಾರಣ ಊಹಿಸುವುದು ಕಷ್ಟವಲ್ಲ. ಅದು ಅಡುಗೆಮನೆಯಲ್ಲಿ ಆಗುತ್ತದೆ, ಹೆಂಗಸರು ಮಾಡುತ್ತಾರೆ, ಮಕ್ಕಳು ತಿನ್ನುತ್ತಾರೆ. ಈ ಮೂರರಲ್ಲಿ ಒಂದಿದ್ದರೂ ಸಾಕು, ನಮ್ಮ ವಿಮರ್ಶೆ ಬೇರೆ ಕಡೆ ಮುಖ ತಿರುಗಿಸುತ್ತದೆ.

ಆದ್ದರಿಂದ ಇಲ್ಲಿ ನಾನು ಮಾಡಹೊರಟಿರುವುದು ಸಣ್ಣ ಕೆಲಸ. ಸಕ್ಕರೆಯ ಗೊಂಬೆಯನ್ನು ಮೇಜಿನ ಮೇಲಿಟ್ಟುಕೊಂಡು, ಒಂದು ಕವಿತೆಯನ್ನೋ ವಿಗ್ರಹವನ್ನೋ ನೋಡುವ ಹಾಗೆ ನೋಡುವುದು. ಅದರ ಪಕ್ಕದಲ್ಲಿ, ಈಗ ನಮ್ಮ ಊರುಗಳ ಹುಟ್ಟುಹಬ್ಬದ ಕೇಕುಗಳ ನೆತ್ತಿಯ ಮೇಲೆ ಕುಳಿತಿರುವ ಬಣ್ಣಬಣ್ಣದ ಸಕ್ಕರೆ ಬೊಂಬೆಯನ್ನೂ ಇಡುತ್ತೇನೆ. ಎರಡೂ ಒಂದೇ ದ್ರವ್ಯದ ಮಕ್ಕಳು. ಆದರೆ ಅವುಗಳ ಮನಸ್ಸು ಬೇರೆ.

ಮೊದಲು ದ್ರವ್ಯ. ಸಕ್ಕರೆ ಎಂಬ ಮಾತು ಸಂಸ್ಕೃತದ ಶರ್ಕರೆಯಿಂದ ಬಂದದ್ದು. ಶರ್ಕರೆಯೆಂದರೆ ಮರಳು, ಹರಳು, ನೊರಜುಗಲ್ಲು ಎಂಬ ಅರ್ಥವೂ ಇದೆ. ಇಂಗ್ಲಿಷರ ಶುಗರ್ ಕೂಡ ಅರಬರ ದಾರಿಯಲ್ಲಿ ಸುತ್ತಿ ಹೋದ ಇದೇ ಮಾತು. ಹೆಸರಿನಲ್ಲೇ ಕಲ್ಲು ಅಡಗಿದೆ ಎಂಬುದು ನನಗೆ ಇಷ್ಟವಾದ ಸಂಗತಿ. ಅಚ್ಚು ಹೊಯ್ಯುವವರು ಮಾಡುವುದೂ ಅದನ್ನೇ: ಕರಗಿಸಿದ ಸಕ್ಕರೆಯನ್ನು ಮತ್ತೆ ಕಲ್ಲಾಗಿಸುವುದು, ಆದರೆ ತಾವು ಹೇಳಿದ ಆಕಾರದಲ್ಲಿ.

ಕೆಲಸ ಹಿಂದಿನ ದಿನವೇ ಶುರುವಾಗುತ್ತದೆ. ಮರದ ಅಚ್ಚುಗಳನ್ನು ನೀರಿನಲ್ಲಿ ನೆನೆಹಾಕಬೇಕು. ಒಣಗಿದ ಮರಕ್ಕೆ ಪಾಕ ಕಚ್ಚಿಕೊಂಡರೆ ಗಿಳಿಯ ಕೊಕ್ಕು ಅಚ್ಚಿನಲ್ಲೇ ಉಳಿದೀತು. ಸಕ್ಕರೆ ಮುಳುಗುವಷ್ಟು ನೀರು ಹಾಕಿ ಕಾಯಿಸಿ, ಕುದಿ ಬರುವಾಗ ಒಂದಿಷ್ಟು ಹಾಲು ಬಿಡುತ್ತಾರೆ. ಹಾಲು ಒಡೆದು, ಕೊಳೆಯನ್ನೆಲ್ಲ ಎಳೆದುಕೊಂಡು ನೊರೆಯಾಗಿ ಮೇಲೆ ಬರುತ್ತದೆ. ಅದನ್ನು ತೆಗೆದು, ತೆಳ್ಳನೆಯ ಬಿಳಿ ಬಟ್ಟೆಯಲ್ಲಿ ಸೋಸಿದರೆ ಪಾಕ ಕನ್ನಡಿಯಂತಾಗುತ್ತದೆ. ಆಮೇಲೆ ಒಂದೆರಡು ಸೌಟಿನಷ್ಟನ್ನೇ ಬಾಣಲೆಗೆ ಹಾಕಿಕೊಂಡು, ಎಳೆ ಬರುವವರೆಗೆ ಕಾಯಿಸಿ, ಮರದ ಕೈಯಿಂದ ತಿರುವುತ್ತಲೇ ಇರಬೇಕು. ಒಮ್ಮೆಗೆ ಎಲ್ಲವನ್ನೂ ಕಾಯಿಸುವಂತಿಲ್ಲ. ಹೊಯ್ಯುವ ವೇಳೆಗೆ ಅರ್ಧ ಬಾಣಲೆಯಲ್ಲೇ ಗಟ್ಟಿಯಾಗಿರುತ್ತದೆ.

ತಿರುವುವುದರಲ್ಲೇ ಇದರ ಶಾಸ್ತ್ರವೆಲ್ಲ ಇದೆ. ಕಾದ ಪಾಕದಲ್ಲಿ ನೀರು ಹಿಡಿದಿಟ್ಟುಕೊಳ್ಳಬಲ್ಲದ್ದಕ್ಕಿಂತ ಹೆಚ್ಚು ಸಕ್ಕರೆ ಇರುತ್ತದೆ. ತಿರುವಿದಾಗ ಸಾವಿರಾರು ಕಡೆ ಒಟ್ಟಿಗೇ ಹರಳು ಕಟ್ಟತೊಡಗುತ್ತದೆ. ಹರಳುಗಳು ಸಣ್ಣವಾದಷ್ಟೂ ಬೆಳಕನ್ನು ಚೆದುರಿಸಿ ಬೆಳ್ಳಗೆ ಕಾಣುತ್ತವೆ. ಅಚ್ಚಿನ ಆ ಹಾಲುಬಿಳುಪು ಬಣ್ಣ ಹಾಕಿದ್ದಲ್ಲ, ತಿರುವಿದ ತೋಳಿನದು. ತಿರುವಿದ್ದು ಕಡಿಮೆಯಾದರೆ ಗೊಂಬೆ ಅಂಟಂಟಾಗಿ, ಅರೆಪಾರದರ್ಶಕವಾಗಿ, ಬೆವರಿದ ಹಾಗೆ ಹೊರಬರುತ್ತದೆ. ಹೆಚ್ಚಾದರೆ ಬಾಣಲೆಯಲ್ಲೇ ಹುಡಿಯಾಗುತ್ತದೆ. ಸರಿಯಾದ ಗಳಿಗೆ ಕೆಲವೇ ಸೆಕೆಂಡುಗಳದ್ದು. ನನ್ನ ಸೋದರತ್ತೆ ಹೇಳುತ್ತಿದ್ದರು: "ಪಾಕ ನೋಡೋದಲ್ಲ ಕಣೋ, ಕೇಳೋದು." ಗುಳ್ಳೆಗಳ ಸದ್ದು ಚಟಚಟವೆನ್ನುವುದನ್ನು ಬಿಟ್ಟು ದಪ್ಪಗೆ, ನಿಧಾನವಾದಾಗ ಅವರು ಬಾಣಲೆ ಎತ್ತುತ್ತಿದ್ದರು. ಎರಡು ಹೋಳಿನ ಅಚ್ಚನ್ನು ಜೋಡಿಸಿ ದಾರದಿಂದ ಬಿಗಿದಿಟ್ಟಿರುತ್ತಿತ್ತು. ರಬ್ಬರ್ ಬ್ಯಾಂಡು ಆಮೇಲಿನದು. ಬುಡದ ಕಂಡಿಯಿಂದ ಹೊಯ್ದು, ಹತ್ತು ನಿಮಿಷದೊಳಗೆ ಬಿಚ್ಚಿದರೆ ಬಿಳಿಯ ಆನೆ.

ಈಗ ರೂಪಕ್ಕೆ ಬರುತ್ತೇನೆ. ಎರಡು ಹೋಳಿನ ಅಚ್ಚಿಗೆ ಒಂದು ಕಠಿಣ ನಿಯಮವಿದೆ: ಹೋಳುಗಳನ್ನು ಎರಡು ಪಕ್ಕಕ್ಕೆ ಎಳೆದಾಗ ಗೊಂಬೆ ಮುರಿಯದೆ ಬಿಡಿಸಿಕೊಳ್ಳಬೇಕು. ಅಂದರೆ ಕೊಂಕು, ಒಳಸುಳಿ, ಚಾಚಿದ ಕೈ ಯಾವುದೂ ಸಲ್ಲದು. ಆನೆಯ ಸೊಂಡಿಲು ಮುಂಗಾಲಿಗೆ ಅಂಟಿಕೊಂಡೇ ಇಳಿಯಬೇಕು. ನಾಲ್ಕು ಕಾಲು ಎರಡು ಗೋಡೆಯಾಗಬೇಕು. ನವಿಲು ಗರಿ ಕೆದರುವಂತಿಲ್ಲ. ಬಾಲವನ್ನು ಒಟ್ಟಿಗೆ ಹಿಡಿದು ಇಳಿಬಿಡಬೇಕು. ಗಿಳಿಯ ಕೊಕ್ಕು ಎದೆಗೆ ತಾಗಿಕೊಂಡಿರಬೇಕು. ಹೊಯ್ಸಳರ ರೂವಾರಿಗೆ ಸಿಕ್ಕಿದ್ದು ಬಳಪದ ಕಲ್ಲು, ಗಣಿಯಿಂದ ತೆಗೆದಾಗ ಮೆತ್ತಗಿದ್ದು ಬರಬರುತ್ತ ಗಟ್ಟಿಯಾಗುವ ಕಲ್ಲು. ಎಂದೇ ಬೇಲೂರಿನ 1117ರ ಗುಡಿಯಲ್ಲಿ ಅವನು ಬಳೆಯೊಳಗೆ ಬಳೆ, ಹೂವಿನೊಳಗೆ ದುಂಬಿ ತೋರಿಸಬಲ್ಲವನಾಗಿದ್ದ. ಅಚ್ಚಿನ ಮರ ಕೆತ್ತುವವನಿಗೆ ಆ ಐಷಾರಾಮವಿಲ್ಲ. ಅವನು ಬಿಡುತ್ತ ಬಿಡುತ್ತ ಹೋಗಬೇಕು. ಇನ್ನೇನನ್ನು ಬಿಟ್ಟರೆ ಅದು ಆನೆಯಾಗಿ ಉಳಿಯುವುದಿಲ್ಲವೋ ಅಲ್ಲಿ ನಿಲ್ಲಬೇಕು.

ನಮ್ಮ ಕಾವ್ಯಮೀಮಾಂಸೆಯ ಮಾತಿನಲ್ಲಿ ಹೇಳುವುದಾದರೆ ಬೇಲೂರಿನದು ಮಾರ್ಗ, ಅಚ್ಚಿನದು ದೇಸಿ. ಆದರೆ ದೇಸಿಯೆಂದರೆ ಒರಟು ಎಂದು ತಿಳಿಯಬಾರದು. ನಮ್ಮ ಮನೆಯಲ್ಲಿದ್ದ ಹಳೆಯ ಅಚ್ಚುಗಳಲ್ಲಿ ಒಂದು ಬಾತುಕೋಳಿಯಿತ್ತು. ಕಣ್ಣಿಗೊಂದು ಚುಕ್ಕೆ, ರೆಕ್ಕೆಗೆ ಮೂರು ಗೀರು, ಕತ್ತಿಗೊಂದು ಬಾಗು. ಅಷ್ಟೇ. ಆ ಬಾಗಿನಲ್ಲಿ ನೀರಿನ ಮೇಲೆ ತೇಲುವ ಆಲಸ್ಯವೆಲ್ಲ ಇತ್ತು. ಅದೇ ಸಾಲಿನಲ್ಲಿದ್ದ ಹಸು ಮಾತ್ರ ಸೋತ ಕೃತಿ. ಕೆತ್ತಿದವನು ಕೊಂಬು, ಕಿವಿ, ಗಂಟೆ, ಗಂಗೆದೊಗಲು ಎಲ್ಲವನ್ನೂ ಬಯಸಿ ಯಾವುದನ್ನೂ ಪಡೆದಿರಲಿಲ್ಲ. ಅಡುಗೆಮನೆಯ ನಾಗಂದಿಗೆಯ ಮೇಲಿನ ಮರದ ಪೆಟ್ಟಿಗೆಯೊಂದರಲ್ಲೇ ಹೀಗೆ ಉತ್ತಮ, ಮಧ್ಯಮ, ಅಧಮಗಳನ್ನು ವಿಂಗಡಿಸಬಹುದಾಗಿದ್ದರೆ, ಅದನ್ನು ಕಲೆಯೆನ್ನಲು ಇನ್ನೇನು ಬೇಕು?

ಈ ಸಂಪ್ರದಾಯ ಹಳೆಯ ಮೈಸೂರಿನ ಸಂಕ್ರಾಂತಿಗೆ ಮಾತ್ರ ಸೇರಿದ್ದಲ್ಲ. ಉತ್ತರ ಕರ್ನಾಟಕದಲ್ಲಿ ಸಕ್ಕರೆಯ ಗೊಂಬೆಗಳ ಕಾಲ ಗೌರಿ ಹುಣ್ಣಿಮೆ. ಹುಬ್ಬಳ್ಳಿ, ಗದಗ, ಕೊಪ್ಪಳಗಳ ಪೇಟೆಗಳಲ್ಲಿ ದೀಪಾವಳಿಯ ನಂತರ ಅವು ಬರುತ್ತವೆ. ಹೆಣ್ಣುಮಕ್ಕಳು ಅವನ್ನು ತಟ್ಟೆಯಲ್ಲಿಟ್ಟು, ದೀಪ ಹಚ್ಚಿ, ಗೌರಿಗೆ ಸಕ್ಕರೆ ಆರತಿ ಬೆಳಗಲು ಹೋಗುತ್ತಾರೆ. ನಿಶ್ಚಯವಾದ ಹುಡುಗಿಗೆ ಗಂಡಿನ ಮನೆಯಿಂದ ಗೊಂಬೆ ಹೋಗುವ ವಾಡಿಕೆಯೂ ಉಂಟು. ಬಂಗಾಳದಲ್ಲಿ ಗುಡಿಯ ಶಿಖರದಂತೆ ಹೊಯ್ದ ಸಕ್ಕರೆಯನ್ನು ಮಠ ಎನ್ನುತ್ತಾರೆ. ಉತ್ತರ ಭಾರತದ ದೀಪಾವಳಿಯಲ್ಲಿ ಸಕ್ಕರೆಯ ಆನೆ ಕುದುರೆಗಳಿವೆ. ದೂರದ ಮೆಕ್ಸಿಕೋದಲ್ಲಿ ಸತ್ತವರ ಹಬ್ಬಕ್ಕೆ ಸಕ್ಕರೆಯ ತಲೆಬುರುಡೆ ಮಾಡಿ, ಅದರ ಹಣೆಯ ಮೇಲೆ ಬದುಕಿರುವ ಗೆಳೆಯನ ಹೆಸರು ಬರೆದು ಕೊಡುತ್ತಾರೆ. ಟೊಲುಕಾ ನಗರದಲ್ಲಿ ಇದಕ್ಕೆಂದೇ ಜಾತ್ರೆ ನಡೆಯುತ್ತದೆ. ಮೃತ್ಯುವನ್ನು ನಾಲಗೆಯ ಮೇಲೆ ಕರಗಿಸಿಕೊಳ್ಳುವ ಆ ಧೈರ್ಯ ನಮ್ಮ ಗಿಳಿ-ನವಿಲುಗಳಿಗಿಲ್ಲ ಎಂದು ಒಪ್ಪಬೇಕು.

ಕೇಕಿನ ಮೇಲಣ ಬೊಂಬೆಯ ವಂಶಾವಳಿ ಬೇರೆ. ಅದು ಅರಮನೆಯಿಂದ ಇಳಿದು ಬಂದದ್ದು. ಸಿಡ್ನಿ ಮಿಂಟ್ಸ್ ಎಂಬ ಮಾನವಶಾಸ್ತ್ರಜ್ಞ 1985ರಲ್ಲಿ ಪ್ರಕಟಿಸಿದ 'ಸ್ವೀಟ್‌ನೆಸ್ ಅಂಡ್ ಪವರ್' ಎಂಬ ಪುಸ್ತಕದಲ್ಲಿ ಇದರ ಕಥೆ ಇದೆ. ಮಧ್ಯಯುಗದ ಇಂಗ್ಲೆಂಡಿನ ರಾಜಭೋಜನಗಳಲ್ಲಿ ಒಂದು ಬಡಿಸುವಿಕೆಗೂ ಇನ್ನೊಂದಕ್ಕೂ ನಡುವೆ ಸಕ್ಕರೆಯಲ್ಲಿ ಮಾಡಿದ ಕೋಟೆ, ಪ್ರಾಣಿ, ಸಂತರನ್ನು ಮೆರವಣಿಗೆಯಲ್ಲಿ ತರುತ್ತಿದ್ದರು. ಮೊದಲು ನೋಡಬೇಕು, ಅದರ ಮೇಲಿನ ಬರಹ ಓದಬೇಕು, ಆಮೇಲೆ ತಿನ್ನಬೇಕು. ಸಕ್ಕರೆ ದುಬಾರಿಯಾಗಿದ್ದ ಕಾಲದಲ್ಲಿ ಅದು ದೊರೆಯ ಜಂಬ; ಅಗ್ಗವಾದ ಹಾಗೆ ವರ್ತಕರ ಮನೆಗೆ, ಅಲ್ಲಿಂದ ಎಲ್ಲರ ಮನೆಗೆ ಇಳಿಯಿತು. ಅಗ್ಗವಾದದ್ದು ಹೇಗೆ ಎಂಬುದನ್ನೂ ಮಿಂಟ್ಸ್ ಮರೆಮಾಚುವುದಿಲ್ಲ: ಕೆರಿಬಿಯನ್ ದ್ವೀಪಗಳ ಕಬ್ಬಿನ ತೋಟಗಳಲ್ಲಿ ಗುಲಾಮರಾಗಿ ದುಡಿದ ಆಫ್ರಿಕದ ಜನರಿಂದ. ಫ್ರಾನ್ಸಿನ ಕರೇಮ್ (1784–1833) ವಾಸ್ತುಶಿಲ್ಪದ ಚಿತ್ರಪಟಗಳನ್ನು ಅಭ್ಯಾಸ ಮಾಡಿ ಸಕ್ಕರೆಯಲ್ಲಿ ಮಂಟಪ, ದೇಗುಲಗಳನ್ನು ಕಟ್ಟಿದ. 1840ರಲ್ಲಿ ವಿಕ್ಟೋರಿಯಾ ರಾಣಿಯ ಮದುವೆಯ ಕೇಕು ಸುಮಾರು 300 ಪೌಂಡು, ಅಂದರೆ 136 ಕಿಲೋ ತೂಗುತ್ತಿತ್ತು. ಅದರ ನೆತ್ತಿಯ ಮೇಲೆ ಒಂದಡಿ ಎತ್ತರದ ಸಕ್ಕರೆಯ ವಧೂವರರು, ರೋಮನ್ ಉಡುಪಿನಲ್ಲಿ. ಅವರನ್ನು ಹರಸುವ ಬ್ರಿಟಾನಿಯಾ. ಇಂದು ಕೇಕಿನ ಮೇಲೆ ನಿಲ್ಲುವ ಜೋಡಿಗೊಂಬೆಯ ಹಿರಿಯರು ಅಂಥವರೇ.

ಬೆಂಗಳೂರಿನಲ್ಲಿ ಪ್ರತಿವರ್ಷ ಡಿಸೆಂಬರಿನಲ್ಲಿ ನಡೆಯುವ ಕೇಕ್ ಪ್ರದರ್ಶನಕ್ಕೆ ನಾನು ಹಲವು ಸಲ ಹೋಗಿದ್ದೇನೆ. ಅರಮನೆ, ಗೋಪುರ, ಪ್ರಾಣಿ, ಮದುಮಗಳು ಎಲ್ಲ ಸಕ್ಕರೆಯಲ್ಲಿ. ಕುಶಲತೆಗೆ ತಲೆಬಾಗಲೇಬೇಕು. ಪುಡಿಸಕ್ಕರೆಗೆ ಜೆಲಟಿನ್, ಗ್ಲೂಕೋಸ್, ಗ್ಲಿಸರಿನ್ ಸೇರಿಸಿ ಚಪಾತಿ ಹಿಟ್ಟಿನ ಹದಕ್ಕೆ ನಾದುತ್ತಾರೆ. ಬೇಗ ಗಟ್ಟಿಯಾಗಲೆಂದು ಅಂಟು ಬೆರೆಸುತ್ತಾರೆ. ಇಲ್ಲಿ ಗಳಿಗೆಯ ಕಾಟವಿಲ್ಲ. ಬೆರಳಿನಿಂದ ಮೂಗು ತಿದ್ದಬಹುದು, ಸೂಜಿಯಿಂದ ರೆಪ್ಪೆ ಗೀರಬಹುದು, ಸೀರೆಯ ನೆರಿಗೆ ಮಡಿಸಬಹುದು. ಅಚ್ಚಿಗೆ ಅಸಾಧ್ಯವಾದ ಚಾಚಿದ ಕೈ, ಹಾರುವ ಸೆರಗು ಇಲ್ಲಿ ಸಾಧ್ಯ.

ನನ್ನ ತಕರಾರು ಇಲ್ಲಿಂದಲೇ ಮೊದಲಾಗುತ್ತದೆ. ಎಲ್ಲವೂ ಸಾಧ್ಯವಾದಾಗ ಈ ಬೊಂಬೆ ಕೇಳಿಕೊಳ್ಳುವ ಪ್ರಶ್ನೆ ಒಂದೇ: ತದ್ರೂಪವಾಯಿತೋ ಇಲ್ಲವೋ? ನೋಡುವವರೂ ಅದನ್ನೇ ಕೇಳುತ್ತಾರೆ. "ಸಕ್ಕರೆ ಅಂತ ಗೊತ್ತೇ ಆಗಲ್ಲ ಅಲ್ವಾ!" ಇದು ಆ ಪ್ರದರ್ಶನದಲ್ಲಿ ನಾನು ಅತಿ ಹೆಚ್ಚು ಸಲ ಕೇಳಿದ ಹೊಗಳಿಕೆ. ಒಂದು ದ್ರವ್ಯಕ್ಕೆ ಇದಕ್ಕಿಂತ ದೊಡ್ಡ ಅವಮಾನವನ್ನು ನಾನು ಊಹಿಸಲಾರೆ. ಕಲ್ಲಿನ ಮದನಿಕೆಯನ್ನು ನೋಡಿ ಕಲ್ಲೆಂದು ಗೊತ್ತಾಗುವುದಿಲ್ಲ ಎಂದವನು ಅವಳನ್ನು ನೋಡಿಯೇ ಇಲ್ಲ; ಕಲ್ಲೆಂದು ಗೊತ್ತಿದ್ದೂ ಅವಳು ಬಳುಕುತ್ತಾಳೆ ಎಂಬುದರಲ್ಲಿ ತಾನೇ ರಸವಿರುವುದು? ಬೊಂಬೆ ನಿಲ್ಲಲೆಂದು ಒಳಗೆ ತಂತಿ, ಕಡ್ಡಿ ಸೇರಿಸುತ್ತಾರೆ. ಪ್ರದರ್ಶನದ ಕೇಕುಗಳ ಒಳಗೆ ಎಷ್ಟೋ ಸಲ ಥರ್ಮೋಕೋಲು. ಹುಟ್ಟುಹಬ್ಬದ ಮನೆಯಲ್ಲಿ ಕೇಕು ಕತ್ತರಿಸುವ ಮೊದಲು ಬೊಂಬೆಯನ್ನು ತೆಗೆದು ಷೋಕೇಸಿನಲ್ಲಿಡುತ್ತಾರೆ. ಅಲ್ಲಿ ಅದು ವರ್ಷಗಟ್ಟಲೆ ಧೂಳು ತಿನ್ನುತ್ತದೆ. ಅದನ್ನು ಯಾರೂ ತಿನ್ನುವುದಿಲ್ಲ. ತಿನ್ನದ ಸಕ್ಕರೆ ಪ್ಲಾಸ್ಟರಿಗಿಂತ ಹೇಗೆ ಬೇರೆ ಎಂದು ನನಗೆ ಯಾರಾದರೂ ಹೇಳಬೇಕು.

ಅಚ್ಚಿನ ಗಿಳಿಯಾದರೋ ತಾನು ಸಕ್ಕರೆಯೆಂಬುದನ್ನು ಮುಚ್ಚಿಡುವುದಿಲ್ಲ. ಎರಡು ಹೋಳು ಕೂಡಿದ ಗೆರೆ ಅದರ ನೆತ್ತಿಯಿಂದ ಬಾಲದವರೆಗೆ ಕಾಣುತ್ತದೆ. ಕೈಯ ಬೆವರಿಗೆ ಕರಗುತ್ತದೆ. ಮಕ್ಕಳು ಮೊದಲು ಬಾಲ, ಆಮೇಲೆ ಕೊಕ್ಕು ಕಚ್ಚುತ್ತಾರೆ; ಕೊನೆಗೆ ಉಳಿದ ಮೈಯನ್ನು ಮನೆಯವರು ಕುಟ್ಟಿ ಕಾಫಿಗೋ ಪಾಯಸಕ್ಕೋ ಹಾಕುತ್ತಾರೆ. ಸಮುದ್ರದ ಆಳ ಅಳೆಯಲು ಹೋಗಿ ಕರಗಿಹೋದ ಉಪ್ಪಿನ ಬೊಂಬೆಯ ದೃಷ್ಟಾಂತವನ್ನು ರಾಮಕೃಷ್ಣ ಪರಮಹಂಸರು ಹೇಳುತ್ತಿದ್ದರು. ನಮ್ಮ ಗಿಳಿಗೆ ಅಷ್ಟು ದೊಡ್ಡ ವೇದಾಂತವೇನೂ ಇಲ್ಲ, ಅದು ಒಂದು ಲೋಟ ಕಾಫಿಯ ಆಳ ಅಳೆಯುತ್ತದೆ. ಆದರೂ ರೂಪ ಹೋದ ಮೇಲೆ ಸವಿ ಉಳಿಯುತ್ತದೆ ಎಂಬುದನ್ನು ಅಷ್ಟು ನೇರವಾಗಿ ತೋರಿಸುವ ಬೇರೆ ಶಿಲ್ಪವನ್ನು ನಾನು ಕಂಡಿಲ್ಲ.

ಇಷ್ಟು ಹೇಳಿ ಲೇಖನ ಮುಗಿಸಿದ್ದರೆ ಸುಲಭವಾಗಿತ್ತು. ಹಳತು ಒಳ್ಳೆಯದು, ಹೊಸತು ಕೆಟ್ಟದ್ದು, ದೇಸಿಗೆ ಜಯವಾಗಲಿ ಎಂದು ಮಂಗಳ ಹಾಡಬಹುದಿತ್ತು. ಆದರೆ ಕೃತಿಯನ್ನು ನೋಡಿದ ಮೇಲೆ ಕೃತಿಕಾರರನ್ನೂ ನೋಡಬೇಕಾಗುತ್ತದೆ.

ಮೇಲೆ ಹೇಳಿದ ನನ್ನ ಸೋದರತ್ತೆ ಇಪ್ಪತ್ತರ ಆಸುಪಾಸಿನಲ್ಲೇ ಗಂಡನನ್ನು ಕಳೆದುಕೊಂಡು ನಮ್ಮ ಮನೆಗೆ ಬಂದವರು. ನಮ್ಮ ಬೀದಿಯಲ್ಲಿ ಅವರಷ್ಟು ಚೆನ್ನಾಗಿ ಅಚ್ಚು ಹೊಯ್ಯುವವರು ಇರಲಿಲ್ಲ. ರೇಷನ್ ಅಂಗಡಿಯ ಸಕ್ಕರೆಯನ್ನು ಅಮ್ಮ ಎರಡು ತಿಂಗಳು ಉಳಿಸಿಟ್ಟು ಅವರ ಕೈಗೆ ಕೊಡುತ್ತಿದ್ದರು. ಪುಷ್ಯದ ಚಳಿಯಲ್ಲಿ ನಾಲ್ಕು ಗಂಟೆಗೆ ಎದ್ದು, ಒಲೆಯ ಮುಂದೆ ಕೂತು, ಅತ್ತೆ ಒಂದೊಂದೇ ಬಾಣಲೆ ಪಾಕ ಕೇಳುತ್ತಿದ್ದರು. ಅಚ್ಚು ಮುರಿದು ಹೊರಬಂದದ್ದು ನನಗೆ ನೆನಪಿಲ್ಲ. ಹಬ್ಬದ ಸಂಜೆ ಅಮ್ಮ, ಚಿಕ್ಕಮ್ಮ, ಅಕ್ಕಂದಿರು ರೇಷ್ಮೆಯುಟ್ಟು, ತಟ್ಟೆಯಲ್ಲಿ ಎಳ್ಳು ಬೆಲ್ಲ, ಕಬ್ಬು, ಬಾಳೆಹಣ್ಣು, ಅರಿಶಿನ ಕುಂಕುಮದ ಜೊತೆ ಆ ಗಿಳಿ ನವಿಲುಗಳನ್ನಿಟ್ಟುಕೊಂಡು ಎಳ್ಳು ಬೀರಲು ಹೊರಡುತ್ತಿದ್ದರು. ಅತ್ತೆ ಹೊರಡುತ್ತಿರಲಿಲ್ಲ. ಹೊರಡುವವರಿಗೆ ಎದುರಾಗಬಾರದೆಂದು ಹಿತ್ತಲಿನ ಬಾಗಿಲಿನಲ್ಲಿ ಬಾಣಲೆ ಉಜ್ಜುತ್ತಿದ್ದರು. ಬೇರೆ ಮನೆಯವರು ನಮ್ಮ ಮನೆಗೆ ಬಂದಾಗಲೂ ಎಳ್ಳಿನ ಪೊಟ್ಟಣ ಅವರ ಕೈಗೆ ಬರುತ್ತಿರಲಿಲ್ಲ. ನಾನು ಅಕ್ಕಂದಿರ ಬಾಲದಂತೆ ಮನೆಮನೆಗೆ ಹೋಗುತ್ತಿದ್ದೆ. "ಎಷ್ಟು ಚೆನ್ನಾಗಿದೆಯಮ್ಮ, ಯಾರು ಮಾಡಿದ್ದು?" ಎಂದು ಯಾರಾದರೂ ಕೇಳಿದರೆ ಅಮ್ಮನ ಉತ್ತರ ಪ್ರತಿವರ್ಷವೂ ಒಂದೇ: "ಮನೇಲೇ ಮಾಡಿದ್ದು ಕಣ್ರೀ." ಅಮ್ಮ ಕೆಟ್ಟವರಾಗಿರಲಿಲ್ಲ. ಅತ್ತೆಯ ಹೆಸರನ್ನು ಆ ಸಂಜೆ, ಆ ತಟ್ಟೆಯೆದುರು ಹೇಳುವುದು ಅವರ ಬಾಯಿಗೆ ಬರುತ್ತಿರಲಿಲ್ಲ, ಅಷ್ಟೆ.

ಜಾನಪದ ಕಲೆಯ ಬಗ್ಗೆ ಮಾತಾಡುವಾಗ ನಾವು ಅನಾಮಿಕತೆಯನ್ನು ಒಂದು ಗುಣವೆಂಬಂತೆ ಹೊಗಳುತ್ತೇವೆ. ಅಹಂಕಾರವಿಲ್ಲದ ಕಲಾವಿದ, ಸಮುದಾಯದಲ್ಲಿ ಕರಗಿದ ವ್ಯಕ್ತಿ ಎಂದೆಲ್ಲ. ಈ ಮಾತನ್ನು ಕೇಳಿದಾಗ ನನಗೆ ಹಿತ್ತಲಿನ ಬಾಗಿಲು ಕಾಣುತ್ತದೆ. ಹೆಸರು ಬಿಟ್ಟುಕೊಟ್ಟದ್ದು ಬೇರೆ, ಹೆಸರು ಕಿತ್ತುಕೊಂಡದ್ದು ಬೇರೆ. ಅಚ್ಚಿನ ಸಂಯಮವನ್ನು ಹೊಗಳಿದ ವಿಮರ್ಶಕ, ಆ ಅಚ್ಚು ಹೊಯ್ದವಳ ಮೇಲೆ ಹೇರಿದ ಸಂಯಮದ ಬಗ್ಗೆ ಸುಮ್ಮನಿದ್ದರೆ ಅವನ ಹೊಗಳಿಕೆ ಅರೆಬೆಂದದ್ದು. ಎಳ್ಳು ಬೆಲ್ಲ ತಿಂದು ಒಳ್ಳೆ ಮಾತಾಡಿ ಎನ್ನುವ ಹಬ್ಬ, ಒಂದು ಒಳ್ಳೆಯ ಮಾತನ್ನು ಅದಕ್ಕೆ ತೀರ ಅರ್ಹಳಾದವಳಿಗೇ ಆಡಲಿಲ್ಲ.

ಈ ದೃಷ್ಟಿಯಿಂದ ನೋಡಿದಾಗ ಕೇಕಿನ ಬೊಂಬೆಗೆ ನಾನು ಒಂದು ಅಂಕ ಹೆಚ್ಚು ಕೊಡಲೇಬೇಕು. ಇಂದು ನಮ್ಮ ಊರುಗಳಲ್ಲಿ ಮನೆಯಲ್ಲೇ ಕೇಕು ಮಾಡಿ ಮಾರುವ ಹೆಣ್ಣುಮಕ್ಕಳು ಬೀದಿಗೊಬ್ಬರಿದ್ದಾರೆ. ಡಬ್ಬಿಯ ಮೇಲೆ ಅವರ ಹೆಸರಿರುತ್ತದೆ, ಫೋನ್ ನಂಬರಿರುತ್ತದೆ. ಬೊಂಬೆಗೆ ಬೇರೆ ದರ, ಕೇಕಿಗೆ ಬೇರೆ ದರ. ಗಂಡ ಇದ್ದಾನೋ ಇಲ್ಲವೋ ಎಂದು ಕೇಳಿ ಯಾರೂ ಆರ್ಡರು ಕೊಡುವುದಿಲ್ಲ. ಪ್ರದರ್ಶನದಲ್ಲಿ ಕೃತಿಯ ಮುಂದೆ ಮಾಡಿದವರ ಹೆಸರಿನ ಫಲಕ ನೋಡಿ ನನಗೆ ಸಂತೋಷವಾದದ್ದು ಸುಳ್ಳಲ್ಲ. ರೂಪದಲ್ಲಿ ಸೋತ ಕಲೆ ನ್ಯಾಯದಲ್ಲಿ ಗೆದ್ದಿದೆ. ರೂಪದಲ್ಲಿ ಗೆದ್ದದ್ದು ನ್ಯಾಯದಲ್ಲಿ ಸೋತಿದೆ. ವಿಮರ್ಶೆ ಎರಡನ್ನೂ ಒಟ್ಟಿಗೆ ಹೇಳದಿದ್ದರೆ ಅದು ಬರೀ ರುಚಿಯ ಮಾತಾಗುತ್ತದೆ.

ಈಗ ಅಚ್ಚುಗಳು ಅಂಗಡಿಯಿಂದಲೇ ಬರುತ್ತವೆ. ಜನವರಿಯ ಮೊದಲ ವಾರ ಗಾಂಧಿ ಬಜಾರಿನಲ್ಲಿ, ಮಲ್ಲೇಶ್ವರದಲ್ಲಿ ಪ್ಲಾಸ್ಟಿಕ್ ಹಾಳೆಯ ಪೊಟ್ಟಣಗಳಲ್ಲಿ ಬಿಳಿ, ಗುಲಾಬಿ, ಹಳದಿ ಬಣ್ಣದ ಗೊಂಬೆಗಳು ಸಾಲಾಗಿ ಕೂತಿರುತ್ತವೆ. ಮರದ ಬದಲು ಸಿಲಿಕೋನ್ ಅಚ್ಚು ಬಂದಿದೆ. ಅದು ಬಾಗುವುದರಿಂದ ಗೊಂಬೆಯನ್ನು ಹೇಗೆ ಬೇಕಾದರೂ ಬಿಡಿಸಿಕೊಳ್ಳಬಹುದು, ಬಿಡುತ್ತ ಹೋಗುವ ಆ ಹಳೆಯ ಶಿಸ್ತು ಅದಕ್ಕೆ ಬೇಕಿಲ್ಲ. ನನ್ನ ವಯಸ್ಸಿನವರ ಮನೆಗಳಲ್ಲಿ ಸಕ್ಕರೆ ಕಾಯಿಲೆ ಹೊಕ್ಕಿರುವುದರಿಂದ ಗೊಂಬೆ ಒಂದು ಮನೆಯಿಂದ ಇನ್ನೊಂದಕ್ಕೆ ಹೋಗಿ, ಕೆಲವೊಮ್ಮೆ ಹೊರಟ ಮನೆಗೇ ಮರಳುವುದೂ ಉಂಟು. ಇದಕ್ಕೆಲ್ಲ ನಾನು ಎದೆ ಬಡಿದುಕೊಳ್ಳುವುದಿಲ್ಲ. ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪನಿ ಸ್ಥಾಪನೆಯಾದದ್ದೇ 1933ರಲ್ಲಿ. ಕಾರ್ಖಾನೆಯ ಬಿಳಿ ಸಕ್ಕರೆ ನಮ್ಮ ಅಡುಗೆಮನೆಗಳಲ್ಲಿ ಅನಾದಿಯೇನಲ್ಲ. ಬಂದ ಸಂಪ್ರದಾಯ ಬದಲಾಗುವುದೂ ಸಹಜ.

ಆದರೆ ಒಳ್ಳೆಯ ಸಕ್ಕರೆಗೊಂಬೆ ಯಾವುದು ಎಂದು ಕೇಳಿದರೆ ನನ್ನಲ್ಲಿ ಈಗ ಉತ್ತರವಿದೆ. ಅದು ಸಕ್ಕರೆಯೆಂದು ಕಾಣಬೇಕು. ಪೂರ್ತಿಯಾಗಿ ತಿನ್ನುವಂತಿರಬೇಕು, ಒಳಗೆ ತಂತಿ ಇರಬಾರದು. ಬಿಡಬೇಕಾದದ್ದನ್ನು ಬಿಟ್ಟಿರಬೇಕು. ಮಾಡಿದವರ ಹೆಸರು ಗೊತ್ತಿರಬೇಕು. ಮೊದಲ ಮೂರು ಲಕ್ಷಣಗಳು ಅತ್ತೆಯ ಬಾತುಕೋಳಿಯಲ್ಲಿದ್ದವು, ನಾಲ್ಕನೆಯದು ಇರಲಿಲ್ಲ. ಅದನ್ನು ಸೇರಿಸುವುದಕ್ಕೆ ಯಾವ ಅಚ್ಚೂ ಬೇಡ. ಮುಂದಿನ ಸಂಕ್ರಾಂತಿಗೆ ನಿಮ್ಮ ಮನೆ ಬಾಗಿಲಿಗೆ ಮನೆಯಲ್ಲೇ ಹೊಯ್ದ ಗಿಳಿಯೊಂದು ಬಂದರೆ, ಯಾರು ಮಾಡಿದ್ದು ಎಂದು ಕೇಳಿ. ಮನೇಲೇ ಮಾಡಿದ್ದು ಎಂದರೆ ಅಷ್ಟಕ್ಕೇ ಬಿಡಬೇಡಿ. ಮನೇಲಿ ಯಾರು ಎಂದು ಇನ್ನೊಮ್ಮೆ ಕೇಳಿ.